ಮನೆಯಿಂದ ಕೆಲಸ, ಹಳಿ ತಪ್ಪಿದ ನಿದ್ದೆ: ಚಾಟ್‌ಬಾಟ್, ವಾಚ್, ಆ್ಯಪ್‌ಗಳಲ್ಲಿ ನಿಮಗೆ ಯಾವುದು?

"ವಾಚ್ ತಗೊಳ್ಳಲಾ, ಉಂಗುರ ತಗೊಳ್ಳಲಾ, ಇಲ್ಲಾ ಸುಮ್ನೆ ಚಾಟ್‌ಜಿಪಿಟಿನೇ ಕೇಳ್ಲಾ?" ಮನೆಯಿಂದ ಕೆಲಸ ಮಾಡುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರಶ್ನೆ ಒಂದೇ ಆದರೂ ಒಬ್ಬೊಬ್ಬರ ತೊಂದರೆ ಒಂದೊಂದು. ಒಬ್ಬರಿಗೆ ರಾತ್ರಿ ಹನ್ನೆರಡಾದರೂ ಲ್ಯಾಪ್‌ಟಾಪ್ ಮುಚ್ಚಲು ಆಗುವುದಿಲ್ಲ. ಇನ್ನೊಬ್ಬರು ಹತ್ತಕ್ಕೇ ಹಾಸಿಗೆಗೆ ಹೋಗುತ್ತಾರೆ, ಹನ್ನೆರಡರವರೆಗೆ ಹೊರಳಾಡುತ್ತಾರೆ. ಮತ್ತೊಬ್ಬರು ಎಂಟು ಗಂಟೆ ಮಲಗಿಯೂ ಸುಸ್ತಾಗಿಯೇ ಏಳುತ್ತಾರೆ. ಮೂವರಿಗೂ ಒಂದೇ ವಾಚ್ ಕೊಡಿಸಿದರೆ ಇಬ್ಬರ ದುಡ್ಡಾದರೂ ದಂಡ.

ನಾನು ಕಳೆದ ಒಂದೂವರೆ ವರ್ಷದಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಬಳಸಿ ನೋಡಿದ್ದೇನೆ. ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಉಳಿಸಿಕೊಂಡಿದ್ದೇನೆ. ನಿಮ್ಮ ತೊಂದರೆ ಯಾವುದು ಅಂತ ಗೊತ್ತಾದರೆ ಆಯ್ಕೆ ಸಲೀಸು. ಅದಕ್ಕೇ ಮೊದಲು ಅಲ್ಲಿಂದ ಶುರು ಮಾಡೋಣ.

ಮನೆಯಲ್ಲೇ ಕೂತರೆ ನಿದ್ದೆ ಯಾಕೆ ಕೆಡುತ್ತದೆ

ನಿದ್ದೆ ಎರಡು ಶಕ್ತಿಗಳ ಮೇಲೆ ನಿಂತಿದೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ಇಂದಿಗೂ ಜನ ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಒಂದು, ನಿದ್ದೆಯ ಒತ್ತಡ. ಎದ್ದ ಕ್ಷಣದಿಂದ ಅದು ಏರುತ್ತಾ ಹೋಗುತ್ತದೆ. ಮಿದುಳಿನಲ್ಲಿ ಸೇರಿಕೊಳ್ಳುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರ. ಕಾಫಿ ಮಾಡುವುದು ಇಷ್ಟೇ: ಆ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಎರಡನೆಯದು ದೇಹದ ಗಡಿಯಾರ. ಅದಕ್ಕೆ ದಿನಾ ಕೀಲಿ ಕೊಡುವುದು ಬೆಳಕು, ಅದರಲ್ಲೂ ಬೆಳಗಿನ ಬೆಳಕು.

ಆಫೀಸಿಗೆ ಹೋಗುವಾಗ ಈ ಎರಡೂ ನಮಗೆ ಗೊತ್ತಾಗದಂತೆ ನಡೆಯುತ್ತಿದ್ದವು. ಏಳುವ ಹೊತ್ತು ಹೆಚ್ಚುಕಮ್ಮಿ ಒಂದೇ. ದಾರಿಯಲ್ಲಿ ಬಿಸಿಲು. ಸಂಜೆ ಆಫೀಸಿನ ಬಾಗಿಲು ದಾಟಿದರೆ ಕೆಲಸ ಮುಗಿಯಿತು. ಈಗ ಮೊದಲ ಮೀಟಿಂಗ್‌ಗೆ ಐದು ನಿಮಿಷ ಇರುವಾಗ ಏಳುತ್ತೇವೆ. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಅಷ್ಟೇ. ಹೊರಗೆ ಮೋಡ ಕವಿದ ಹಗಲಿನಲ್ಲೂ ಕೆಲವು ಸಾವಿರ ಲಕ್ಸ್ ಇರುತ್ತದೆ. ನಮ್ಮ ಕಣ್ಣಿಗೆ ಎರಡೂ ಬೆಳಕೇ, ಆದರೆ ದೇಹದ ಗಡಿಯಾರಕ್ಕೆ ಒಳಗಿನದು ಮುಸ್ಸಂಜೆ ಇದ್ದಂತೆ. ಅದರ ಮೇಲೆ ಮಧ್ಯಾಹ್ನ ಮಲಗಿದರೆ ನಿದ್ದೆಯ ಒತ್ತಡ ಇಳಿದುಬಿಡುತ್ತದೆ. ರಾತ್ರಿ ಹಾಸಿಗೆಯ ಮೇಲೇ ಲ್ಯಾಪ್‌ಟಾಪ್ ತೆರೆದರೆ, ಹಾಸಿಗೆ ಅಂದರೆ ಕೆಲಸ ಅಂತ ಮಿದುಳು ಕಲಿತುಕೊಳ್ಳುತ್ತದೆ.

ಅಂದರೆ ಮನೆಯಿಂದ ಕೆಲಸ ಮಾಡುವ ಬಹಳ ಜನರಿಗೆ ಕಳೆದುಹೋಗಿರುವುದು ದಿನದ ಅಂಚುಗಳು. ಎಲ್ಲಿ ಶುರು, ಎಲ್ಲಿ ಮುಗಿತು ಅನ್ನುವುದು. ನಿದ್ದೆಯನ್ನು ಎಷ್ಟು ಅಳೆದರೂ ಆ ಅಂಚು ತಾನಾಗಿ ಬರುವುದಿಲ್ಲ. ಕೊಳ್ಳುವ ಮುಂಚೆ ಇದೊಂದನ್ನು ನೆನಪಿಡಿ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ನನ್ನ ತೊಂದರೆಗೆ ಸಂಬಂಧಪಟ್ಟದ್ದಾ? ಇದು ಬರೀ ಅಳೆಯುತ್ತದಾ, ಇಲ್ಲಾ ನಾನು ನಾಳೆ ಬೇರೆ ಏನಾದರೂ ಮಾಡುವಂತೆ ಮಾಡುತ್ತದಾ? ರಾತ್ರಿ ಹೊತ್ತು ನನ್ನ ಕೈಗೆ ಇನ್ನೊಂದು ಪರದೆ ಕೊಡುತ್ತದಾ? ಒಂದೇ ಸಲದ ಖರ್ಚಾ, ತಿಂಗಳು ತಿಂಗಳು ಕಟ್ಟಬೇಕಾ? ಕೊನೆಯದು, ನನ್ನ ಮಾಹಿತಿ ಯಾರ ಕೈಯಲ್ಲಿ ಇರುತ್ತದೆ?

ಈ ಕೊನೆಯ ಪ್ರಶ್ನೆ ಮನೆಯಿಂದ ಕೆಲಸ ಮಾಡುವವರಿಗೆ ಬಹಳ ಮುಖ್ಯ. ಹೇಗಿದ್ದರೂ ಎದುರಿಗೆ ಇರುವುದು ಕಂಪನಿಯ ಲ್ಯಾಪ್‌ಟಾಪ್. ಅದರಲ್ಲೇ ಕಂಪನಿ ಕೊಟ್ಟ ಎಐ ತೆರೆದು "ನನಗೆ ಮೂರು ವಾರದಿಂದ ನಿದ್ದೆ ಇಲ್ಲ, ತಲೆ ಓಡ್ತಾ ಇಲ್ಲ" ಅಂತ ಬರೆಯುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಆ ಖಾತೆಯಲ್ಲಿ ಬರೆದದ್ದನ್ನು ನೋಡುವ ಹಕ್ಕು ಕಂಪನಿಗೆ ಇರಬಹುದು. ನಿದ್ದೆಯ ವಿಷಯ ಆರೋಗ್ಯದ ವಿಷಯ. ಅದು ನಿಮ್ಮ ಸ್ವಂತ ಫೋನ್, ನಿಮ್ಮ ಸ್ವಂತ ಖಾತೆಯಲ್ಲೇ ಇರಲಿ.

ಚಾಟ್‌ಬಾಟ್ ಮತ್ತು ಒಂದು ನೋಟ್‌ಬುಕ್

ಚಾಟ್‌ಜಿಪಿಟಿ, ಜೆಮಿನೈ, ಕ್ಲಾಡ್, ಯಾವುದಾದರೂ ಸರಿ. ಈ ಕೆಲಸಕ್ಕೆ ಉಚಿತ ಆವೃತ್ತಿ ಸಾಕು. ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಬರುತ್ತದೆ. ನನ್ನ ಮಟ್ಟಿಗೆ ಹೆಚ್ಚಿನವರು ಶುರು ಮಾಡಬೇಕಾದದ್ದು ಇಲ್ಲಿಂದಲೇ. ಆದರೆ "ಚೆನ್ನಾಗಿ ನಿದ್ದೆ ಬರಲು ಏನು ಮಾಡಬೇಕು?" ಅಂತ ಕೇಳಿದರೆ ಎಲ್ಲರಿಗೂ ಕೊಡುವ ಹತ್ತು ಸಲಹೆಗಳನ್ನೇ ನಿಮಗೂ ಕೊಡುತ್ತದೆ. ಅವೆಲ್ಲ ನಿಮಗೆ ಆಗಲೇ ಗೊತ್ತು. ಎಐಗೆ ಗೊತ್ತಿಲ್ಲದಿರುವುದು ನಿಮ್ಮ ದಿನ. ಅದನ್ನು ನೀವೇ ಕೊಡಬೇಕು.

ನಾನು ಎರಡು ವಾರ ದಿನಾ ಬೆಳಗ್ಗೆ ನೋಟ್‌ಬುಕ್‌ನಲ್ಲಿ ಹಿಂದಿನ ದಿನದ ಬಗ್ಗೆ ಒಂದು ಸಾಲು ಬರೆದೆ. ಒಂದು ಮಂಗಳವಾರದ ಸಾಲು ಹೀಗಿತ್ತು:

"ಕೆಲಸ ಮುಗಿದದ್ದು 9.40. ಹಾಸಿಗೆ 11.15. ನಿದ್ದೆ ಹತ್ತಿದ್ದು ಸುಮಾರು 12.45. ಎದ್ದದ್ದು 8.10. ಕಾಫಿ 3, ಕೊನೆಯದು 5.30ಕ್ಕೆ. ಮಧ್ಯಾಹ್ನ ನಿದ್ದೆ 40 ನಿಮಿಷ. ಹೊರಗೆ ಹೋದದ್ದು: ಇಲ್ಲ."

ಹದಿನಾಲ್ಕು ಸಾಲು ಆದ ಮೇಲೆ ಫೋಟೋ ತೆಗೆದು ಚಾಟ್‌ಬಾಟ್‌ಗೆ ಕೊಟ್ಟೆ. ಕೇಳಿದ್ದು ಹೀಗೆ: "ಇದು ನನ್ನ ಎರಡು ವಾರದ ನಿದ್ದೆಯ ಡೈರಿ. ಈಗಲೇ ಸಲಹೆ ಬೇಡ. ನಿದ್ದೆ ತಡವಾಗಿ ಹತ್ತಿದ ದಿನಗಳನ್ನು ಬೇರೆ ಮಾಡು. ಆ ದಿನಗಳಲ್ಲಿ ಇದ್ದು ಉಳಿದ ದಿನಗಳಲ್ಲಿ ಇಲ್ಲದ್ದು ಏನು? ಲೆಕ್ಕವನ್ನು ಸಾಲು ಸಾಲಾಗಿ ತೋರಿಸು. ಇಷ್ಟು ದಿನದ ಮಾಹಿತಿ ಸಾಲದಿದ್ದರೆ ಹಾಗಂತ ಹೇಳು."

ತಪ್ಪೆಲ್ಲ ಕಾಫಿಯದೇ ಅಂತ ನಾನು ನಂಬಿದ್ದೆ. ಪಟ್ಟಿ ನೋಡಿದರೆ ಬೇರೆಯೇ ಕಂಡಿತು. ತಡವಾದ ಆರು ರಾತ್ರಿಗಳಲ್ಲಿ ಐದು, ನಾನು ಮಧ್ಯಾಹ್ನದವರೆಗೂ ಮನೆಯಿಂದ ಹೊರಗೇ ಕಾಲಿಡದ ದಿನಗಳು. ಎರಡು ವಾರದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಮುಂದಿನ ವಾರ ಏನನ್ನು ಪರೀಕ್ಷಿಸಬೇಕು ಅಂತ ಗೊತ್ತಾಯಿತು. ಎದ್ದು ಅರ್ಧ ಗಂಟೆಯೊಳಗೆ ಹದಿನೈದು ನಿಮಿಷ ಹೊರಗೆ ನಡೆಯುವುದು. ಒಂದೇ ಬದಲಾವಣೆ. ನನಗೆ ಅದು ಕೆಲಸ ಮಾಡಿತು.

ಇದರಲ್ಲಿ ಮೂರು ಕಡೆ ಎಚ್ಚರ ಬೇಕು. ಮೊದಲನೆಯದು ಲೆಕ್ಕ. ಮಧ್ಯರಾತ್ರಿ ದಾಟುವ ಗಂಟೆಗಳನ್ನು ಕೂಡುವಾಗ ಇವು ಎಡವುತ್ತವೆ. ನನ್ನ ಪಟ್ಟಿಯಲ್ಲೇ ಒಂದು ರಾತ್ರಿಯ ನಿದ್ದೆಗೆ ಒಂದು ಗಂಟೆ ಜಾಸ್ತಿ ಸೇರಿಸಿತ್ತು. ಅದಕ್ಕೇ ಸಾಲು ಸಾಲಾಗಿ ತೋರಿಸು ಅನ್ನಬೇಕು. ಎರಡನೆಯದು, ನೀವು "ಕಾಫಿಯಿಂದಲೇ ಹೀಗಾಗ್ತಿದೆ ಅಲ್ವಾ?" ಅಂತ ಕೇಳಿದರೆ ಅದು "ಹೌದು" ಅಂದುಬಿಡುವ ಸಾಧ್ಯತೆ ಜಾಸ್ತಿ. ನಿಮ್ಮ ಅನುಮಾನ ಹೇಳದೆ ಕೇಳಿ. ಮೂರನೆಯದು ಹೊತ್ತು. ಒಂದು ರಾತ್ರಿ ನಿದ್ದೆ ಬಾರದೆ 11.40ಕ್ಕೆ ಕೇಳಲು ಶುರು ಮಾಡಿದೆ. ಪ್ರತಿ ಉತ್ತರದ ಕೊನೆಗೆ ಅದು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು, ನಾನು ಉತ್ತರಿಸುತ್ತಿದ್ದೆ. ಫೋನ್ ಇಟ್ಟಾಗ ಒಂದು ಗಂಟೆ ದಾಟಿತ್ತು. ಅಂದಿನಿಂದ ಈ ಮಾತುಕತೆ ಹಗಲಿನಲ್ಲಿ ಮಾತ್ರ.

ರಾತ್ರಿ ತಲೆಯಲ್ಲಿ ಕೆಲಸ ಸುತ್ತುತ್ತಿದ್ದರೆ ಪೆನ್ನು, ಕಾಗದ ಸಾಕು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಪ್ರಕಟವಾಯಿತು. ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಗೆ ಜಾರಿದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ. ಚಿಂತೆ ಕಾಗದಕ್ಕೆ ಇಳಿದರೂ ಅಷ್ಟಿಷ್ಟು ಹಗುರ.

ವಾಚ್ ಮತ್ತು ಉಂಗುರ

ಜನರಿಗೆ ಹೆಚ್ಚು ಆಸೆ ಇರುವುದು ಇದರ ಮೇಲೆ. ಆಪಲ್ ವಾಚ್, ಫಿಟ್‌ಬಿಟ್, ಗ್ಯಾಲಕ್ಸಿ ವಾಚ್, ಔರಾ ಉಂಗುರ, ಇವೆಲ್ಲ ನೋಡುವುದು ಮುಖ್ಯವಾಗಿ ಎರಡು ಸಂಗತಿ: ಕೈಯ ಅಲುಗಾಟ, ಮತ್ತು ಚರ್ಮದ ಮೇಲೆ ಬೆಳಕು ಬಿಟ್ಟು ಎಣಿಸುವ ಎದೆಬಡಿತ. ಇದರಿಂದ ಎಐ ನಿಮ್ಮ ನಿದ್ದೆಯನ್ನು ಊಹಿಸುತ್ತದೆ. ಹೌದು, ಊಹೆಯೇ. ನಿದ್ದೆಯ ಹಂತಗಳನ್ನು ಸರಿಯಾಗಿ ತಿಳಿಯಬೇಕಾದರೆ ಲ್ಯಾಬಿನಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು, ಜೊತೆಗೆ ಕಣ್ಣಿನ ಚಲನೆ ಮತ್ತು ಸ್ನಾಯುಗಳ ಬಿಗಿತವನ್ನು ನೋಡಬೇಕು.

ಹಾಗಾಗಿ ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಒಟ್ಟು ಎಷ್ಟು ಹೊತ್ತು ಅನ್ನುವುದನ್ನು ವಾಚ್ ಸುಮಾರಾಗಿ ಸರಿಯಾಗಿಯೇ ಹೇಳುತ್ತದೆ. "ಗಾಢ ನಿದ್ದೆ 48 ನಿಮಿಷ" ಅನ್ನುವುದನ್ನು ಅಷ್ಟು ನಂಬಬೇಡಿ. ಇನ್ನೊಂದು, ಅಲುಗಾಡದೆ ಎಚ್ಚರವಾಗಿ ಮಲಗಿದ್ದರೆ ವಾಚ್ ಅದನ್ನೂ ನಿದ್ದೆ ಅಂತ ಎಣಿಸಿಬಿಡಬಹುದು. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಒದ್ದಾಡುವವರಿಗೇ ಇದು ಹೆಚ್ಚು ತಪ್ಪು ಲೆಕ್ಕ ಕೊಡುತ್ತದೆ. ಅವರೇ ಜಾಸ್ತಿ ಕೊಳ್ಳುವುದು ಅನ್ನುವುದು ಬೇಸರದ ವಿಷಯ.

ವಾಚ್ ನಿಜಕ್ಕೂ ಉಪಯೋಗಕ್ಕೆ ಬರುವುದು ಒಂದು ಕಡೆ. ಡೈರಿ ಬರೆಯುವ ಶಿಸ್ತು ನಿಮಗಿಲ್ಲ ಅಂದುಕೊಳ್ಳಿ. ವಾಚ್ ಹೇಗಿದ್ದರೂ ಬರೆಯುತ್ತದೆ. ತಿಂಗಳ ಕೊನೆಗೆ ಏಳುವ ಹೊತ್ತಿನ ಸಾಲು ನೋಡಿ. ಸೋಮವಾರ 7, ಬುಧವಾರ 8.45, ಭಾನುವಾರ 10.30 ಅಂತ ಅಂಕುಡೊಂಕಾಗಿದ್ದರೆ ನಿಮ್ಮ ತೊಂದರೆ ಅಲ್ಲೇ ಇದೆ. ಗಾಢ ನಿದ್ದೆ, ಕನಸಿನ ನಿದ್ದೆಯ ಬಣ್ಣದ ಪಟ್ಟಿಗಳನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ.

ವಾಚ್ ನಿದ್ದೆಗೆ ಕೊಡುವ ಅಂಕ ನೋಡುವ ಚಟ ಹತ್ತಿದರೆ ಅದೇ ನಿದ್ದೆ ಕೆಡಿಸುತ್ತದೆ. ನಿದ್ದೆಯ ಅಂಕ ಸರಿಪಡಿಸುವ ಚಿಂತೆಯಲ್ಲೇ ನಿದ್ದೆಗೆಡುವ ಜನರನ್ನು ಕಂಡ ಅಮೆರಿಕದ ಸಂಶೋಧಕರು 2017ರಲ್ಲಿ ಅದಕ್ಕೆ ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ಅದಕ್ಕೂ ಮೊದಲು, 2014ರಲ್ಲಿ ಪ್ರಕಟವಾದ ಕೊಲರಾಡೊ ಕಾಲೇಜಿನ ಒಂದು ಪ್ರಯೋಗದಲ್ಲಿ, "ನಿನ್ನೆ ನಿಮ್ಮ ನಿದ್ದೆ ಚೆನ್ನಾಗಿರಲಿಲ್ಲ" ಅಂತ ಸುಳ್ಳೇ ಹೇಳಿಸಿಕೊಂಡವರು ಯೋಚನೆಯ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದರು. ನಾನೂ ಒಮ್ಮೆ ಹಾಯಾಗಿ ಎದ್ದು, ವಾಚ್‌ನಲ್ಲಿ 58 ಅಂತ ನೋಡಿ, ಇಡೀ ದಿನ ಮೈ ಭಾರ ಅನ್ನಿಸಿಕೊಂಡು ಕೂತಿದ್ದೇನೆ. ಸಣ್ಣದಕ್ಕೂ ಚಿಂತೆ ಮಾಡುವ ಸ್ವಭಾವ ನಿಮ್ಮದಾದರೆ ವಾಚ್ ಬೇಡ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ವಾಚ್‌ಗೂ ಉಂಗುರಕ್ಕೂ ನಡುವೆ ಆರಿಸುವುದಾದರೆ ನಿದ್ದೆಗೆ ಉಂಗುರ ವಾಸಿ. ಪರದೆ ಇಲ್ಲ, ರಾತ್ರಿ ಮಿನುಗುವುದಿಲ್ಲ, ಚಾರ್ಜ್ ಕೆಲವು ದಿನ ಬರುತ್ತದೆ. ಆದರೆ ಔರಾದಂಥದ್ದಕ್ಕೆ ಉಂಗುರದ ಬೆಲೆಯ ಮೇಲೆ ತಿಂಗಳ ಚಂದಾ ಬೇರೆ ಇದೆ. ವಾಚ್ ಆದರೆ ಫೋನ್ ಬಿಟ್ಟು ನಡೆಯಲು ಹೋದಾಗಲೂ ಹೆಜ್ಜೆ ಎಣಿಸುತ್ತದೆ, ತುಂಬಾ ಹೊತ್ತು ಕೂತರೆ ಎಬ್ಬಿಸುತ್ತದೆ. ಈಗಾಗಲೇ ಕೈಯಲ್ಲಿ ವಾಚ್ ಇದ್ದರೆ ಅದೇ ಸಾಕು, ಉಂಗುರಕ್ಕೆ ಮತ್ತೆ ಸುರಿಯಬೇಡಿ.

ಫೋನಿನ ಆ್ಯಪ್

ಸ್ಲೀಪ್ ಸೈಕಲ್‌ನಂಥ ಆ್ಯಪ್‌ಗಳು ಮೈಕ್‌ನಲ್ಲಿ ನಿಮ್ಮ ಉಸಿರು, ಹೊರಳಾಟದ ಸದ್ದು ಕೇಳಿ ಅಂದಾಜು ಮಾಡುತ್ತವೆ. ಖರ್ಚು ಕಡಿಮೆ. ಗೊರಕೆ ಹೊಡೆಯುತ್ತೀರಾ ಅಂತ ಗೊತ್ತು ಮಾಡಿಕೊಳ್ಳಲು, ಅದರಲ್ಲೂ ಒಬ್ಬರೇ ಇರುವವರಿಗೆ, ಇದು ಒಳ್ಳೆಯ ದಾರಿ. ಒಂದು ವಾರ ಹಾಕಿ ನೋಡಿ, ಸಾಕು. ಅದಕ್ಕಿಂತ ಹೆಚ್ಚಿಗೆ ನಾನು ಹೇಳಲಾರೆ. ಫೋನ್ ಮಲಗುವ ಕೋಣೆಯಿಂದ ಹೊರಗಿರಲಿ ಅಂತ ಒದ್ದಾಡುತ್ತಿರುವಾಗ ಇದು ಅದನ್ನು ದಿಂಬಿನ ಪಕ್ಕಕ್ಕೇ ತಂದಿಡುತ್ತದೆ.

ನಿದ್ದೆಯೇ ಬಾರದವರಿಗೆ: ಸಿಬಿಟಿ-ಐ

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ, ಹೀಗೇ ಮೂರು ತಿಂಗಳು ಕಳೆದಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇದಕ್ಕೆ ವಾಚ್, ಉಂಗುರ ಯಾವುದೂ ಪರಿಹಾರ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಇದಕ್ಕೆ ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಸಿಬಿಟಿ-ಐ ಎಂದಿತು. ನಿದ್ದೆಯ ಬಗ್ಗೆ ನಮ್ಮ ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಕೆಲವು ವಾರಗಳ ತರಬೇತಿ ಅದು. ಇದೇ ಆ್ಯಪ್ ರೂಪದಲ್ಲೂ ಇದೆ. ಸ್ಲೀಪಿಯೋ ಎಂಬುದನ್ನು ಯಾವ ಚಿಕಿತ್ಸೆ ಬಳಸಬಹುದು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಅದರ ಇನ್ನೊಂದು ರೂಪಕ್ಕೆ 2024ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೆ ಇದು ಎಲ್ಲ ಕಡೆ ಎಲ್ಲರಿಗೂ ನೇರವಾಗಿ ಸಿಗುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮಾಡಿಸಿದ ಇನ್ಸಾಮ್ನಿಯಾ ಕೋಚ್ ಎಂಬ ಆ್ಯಪ್ ಉಚಿತ.

ಇವುಗಳಲ್ಲಿ ಥಳಕಿನ ಎಐ ಕಡಿಮೆ. ಹೆಚ್ಚಿನವು ಮೊದಲೇ ಗೊತ್ತು ಮಾಡಿದ ನಿಯಮಗಳಂತೆ ನಡೆಯುತ್ತವೆ. ನನ್ನ ದೃಷ್ಟಿಯಲ್ಲಿ ಅದೇ ಒಳ್ಳೆಯದು. ಉದಾಹರಣೆಗೆ, ನೀವು ಹಾಸಿಗೆಯಲ್ಲಿ 9 ಗಂಟೆ ಇದ್ದು ನಿದ್ದೆ ಮಾಡುವುದು ಆರೂವರೆ ಗಂಟೆ ಅಂದುಕೊಳ್ಳಿ. ಅಂದರೆ ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 72ರಷ್ಟೇ ನಿದ್ದೆ. ಆಗ ತರಬೇತಿ ನಿಮ್ಮನ್ನು ಹಾಸಿಗೆಯಲ್ಲಿ ಆರೂವರೆ ಗಂಟೆ ಮಾತ್ರ ಇರಲು ಹೇಳುತ್ತದೆ. ಲೆಕ್ಕ 85ರ ಆಸುಪಾಸಿಗೆ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಹೊತ್ತು ಸೇರಿಸುತ್ತದೆ. ಮೊದಲ ಒಂದೆರಡು ವಾರ ಹಗಲಿನಲ್ಲಿ ತೂಕಡಿಕೆ ಜಾಸ್ತಿ. ಬಿಟ್ಟುಬಿಡುವವರು ಬಿಡುವುದು ಇಲ್ಲೇ. ಬೈಪೋಲಾರ್ ತೊಂದರೆ, ಮೂರ್ಛೆ ರೋಗ ಇರುವವರು, ತುಂಬಾ ವಾಹನ ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಚಾಟ್‌ಬಾಟ್‌ಗೆ "ನನಗೆ ಸಿಬಿಟಿ-ಐ ಮಾಡಿಸು" ಅಂದರೆ ಅದು ಖುಷಿಯಿಂದ ಒಪ್ಪಿಕೊಳ್ಳುತ್ತದೆ, ಆದರೆ ಈ ಎಚ್ಚರಿಕೆಗಳನ್ನು ಪ್ರತಿ ಸಲವೂ ಕೇಳುತ್ತದೆ ಅನ್ನುವ ಭರವಸೆ ಇಲ್ಲ. ಹಾಸಿಗೆಯ ಹೊತ್ತು ಕಡಿತ ಮಾಡುವ ಕೆಲಸವನ್ನು ಅದರ ಕೈಗೆ ಕೊಡಬೇಡಿ.

ಕ್ಯಾಲೆಂಡರ್ ಕಾಯುವ ಎಐ

ಇದನ್ನು ನಿದ್ದೆಯ ಸಾಧನ ಅಂತ ಯಾರೂ ಕರೆಯುವುದಿಲ್ಲ. ಆದರೆ ಕೆಲಸ ಮುಗಿಯದೇ ತಡವಾಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ರಿಕ್ಲೇಮ್, ಮೋಷನ್ ಥರದ ಕ್ಯಾಲೆಂಡರ್ ಆ್ಯಪ್‌ಗಳು ನಿಮ್ಮ ಕೆಲಸಗಳನ್ನು ಹಗಲಿನ ಖಾಲಿ ಜಾಗಕ್ಕೆ ತಾವೇ ಹೊಂದಿಸುತ್ತವೆ. ಮೀಟಿಂಗ್ ಬಂದರೆ ಸರಿಸಿ ಬೇರೆ ಕಡೆ ಇಡುತ್ತವೆ. ಸಂಜೆ 6.30ಕ್ಕೆ "ಕೆಲಸ ಮುಚ್ಚುವ ಹೊತ್ತು" ಅಂತ ಅರ್ಧ ಗಂಟೆ ಕಟ್ಟಿಡಿ. ಅದರಲ್ಲಿ ನಾಳೆಯ ಪಟ್ಟಿ ಬರೆದು ಲ್ಯಾಪ್‌ಟಾಪ್ ಮುಚ್ಚಿ, ಕಣ್ಣಿಗೆ ಬೀಳದ ಜಾಗದಲ್ಲಿಡಿ. ರಿಕ್ಲೇಮ್‌ನ ಉಚಿತ ಆವೃತ್ತಿ ಇಷ್ಟಕ್ಕೆ ಸಾಕು. ತೊಡಕು ಎರಡು. ಕಂಪನಿಯ ಕ್ಯಾಲೆಂಡರ್‌ಗೆ ಹೊರಗಿನ ಆ್ಯಪ್ ಸೇರಿಸಲು ಅನುಮತಿ ಬೇಕಾಗಬಹುದು. ಜೊತೆಗೆ, ನೀವು ಕಟ್ಟಿಟ್ಟ ಹೊತ್ತನ್ನು ತಂಡದವರು ಗೌರವಿಸಬೇಕು. ಅದನ್ನು ಯಾವ ಎಐ ಕೂಡ ಮಾಡಿಕೊಡುವುದಿಲ್ಲ, ಒಂದು ಸಲ ಬಾಯಿಬಿಟ್ಟು ಹೇಳಲೇಬೇಕು.

ಇನ್ನು ತಂಪು, ಬಿಸಿ ತಾನೇ ಬದಲಿಸುವ ಏಟ್ ಸ್ಲೀಪ್‌ನಂಥ ಹಾಸಿಗೆಗಳು. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ. ಸೆಖೆಯಿಂದಲೇ ಎಚ್ಚರವಾಗುತ್ತಿದೆ ಅಂತ ಖಚಿತವಾಗಿದ್ದು, ಫ್ಯಾನು, ತೆಳು ಹೊದಿಕೆ ಎಲ್ಲ ನೋಡಿಯಾಗಿದ್ದರೆ ಮಾತ್ರ ಯೋಚಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ಸರಿ.

ಹಾಗಾದರೆ ನಿಮಗೆ ಯಾವುದು

ಖರ್ಚು ಮಾಡುವ ಮನಸ್ಸಿಲ್ಲ, ತೊಂದರೆ ಏನಂತಲೂ ಸರಿಯಾಗಿ ಗೊತ್ತಿಲ್ಲ ಅಂದರೆ ನೋಟ್‌ಬುಕ್ ಮತ್ತು ಚಾಟ್‌ಬಾಟ್. ಕೆಲಸವೇ ರಾತ್ರಿಗೆ ಹರಿದುಬರುತ್ತಿದ್ದರೆ ಕ್ಯಾಲೆಂಡರ್. ಬರೆಯಲು ಬೇಜಾರು, ಅಂಕ ನೋಡಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ ಅನ್ನುವವರಿಗೆ ವಾಚ್ ಅಥವಾ ಉಂಗುರ. ತಿಂಗಳುಗಟ್ಟಲೆ ನಿದ್ದೆಯೇ ಇಲ್ಲದವರಿಗೆ ಸಿಬಿಟಿ-ಐ, ಅದೂ ಸಾಧ್ಯವಾದರೆ ವೈದ್ಯರ ಜೊತೆ ಮಾತಾಡಿ.

ಬೇರೆ ದೇಶದ ಹೊತ್ತಿಗೆ ಕೆಲಸ ಮಾಡುವವರ ಪಾಡು ಬೇರೆ. ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇರುವವರಿಗೆ "ಹತ್ತಕ್ಕೆ ಮಲಗಿ" ಅನ್ನುವ ಸಲಹೆ ಸುಮ್ನೆ ನೋವು ಕೊಡುತ್ತದೆ. ಇಲ್ಲಿ ಚಾಟ್‌ಬಾಟ್ ನಿಜಕ್ಕೂ ನೆರವಾಗುತ್ತದೆ. ನಿಮ್ಮ ವಾರದ ಮೀಟಿಂಗ್ ಪಟ್ಟಿ ಕೊಟ್ಟು, ಏಳೂ ದಿನ ಒಂದೇ ಆಗಿ ಉಳಿಯಬಹುದಾದ ಏಳುವ ಹೊತ್ತು ಯಾವುದು, ಅದಕ್ಕೆ ತಕ್ಕಂತೆ ಬೆಳಕು ಎಷ್ಟಕ್ಕೆ, ಕೊನೆಯ ಕಾಫಿ ಎಷ್ಟಕ್ಕೆ ಅಂತ ಲೆಕ್ಕ ಹಾಕಿಸಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಒಟ್ಟು ನಿದ್ದೆ 7 ಗಂಟೆಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಲು ಹೇಳಿ.

ಎಂಟು ಗಂಟೆ ಮಲಗಿಯೂ ಸುಸ್ತು, ಜೋರು ಗೊರಕೆ, ಮಧ್ಯೆ ಉಸಿರು ಕಟ್ಟಿದಂತಾಗಿ ಏಳುವುದು ಇದ್ದರೆ ಈ ಪಟ್ಟಿಯನ್ನೇ ಮಡಚಿಟ್ಟು ವೈದ್ಯರ ಹತ್ತಿರ ಹೋಗಿ. ಅದು ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು. ಸ್ಯಾಮ್‌ಸಂಗ್, ಆಪಲ್ ವಾಚ್‌ಗಳ ಇಂಥ ಸೂಚನೆಗೆ 2024ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ನಿಜ. ಆದರೆ ಅದು ಬರೀ ಸೂಚನೆ. ವಾಚ್ ಏನೂ ಹೇಳಲಿಲ್ಲ ಅಂತ ಸುಮ್ಮನಿರಬೇಡಿ.

ಕೊಂಡರೆ ಉಚಿತ ಅವಧಿ ಮುಗಿಯುವ ದಿನವನ್ನು, ಹಿಂದಿರುಗಿಸುವ ಕೊನೆಯ ದಿನವನ್ನು ಅವತ್ತೇ ಕ್ಯಾಲೆಂಡರ್‌ಗೆ ಹಾಕಿ. ಆ ದಿನಕ್ಕೆ ಎರಡು ದಿನ ಮುಂಚೆ ಒಂದೇ ಪ್ರಶ್ನೆ: ಇದು ಬಂದ ಮೇಲೆ ನಾನು ಏಳುವ ಹೊತ್ತು, ಲ್ಯಾಪ್‌ಟಾಪ್ ಮುಚ್ಚುವ ಹೊತ್ತು, ಎರಡರಲ್ಲಿ ಒಂದಾದರೂ ಬದಲಾಗಿದೆಯಾ? ಇಲ್ಲ ಅಂದರೆ ಹಿಂದಿರುಗಿಸಿ.